ಕೆಂಪು ದಾರದ ಮರಿ

ಜನವರಿ 19, ಬೆಳಿಗ್ಗೆ 6
ಮರಿಗಳ ತೂಕ ಹಾಕಿದೆ. ಕರಿಯದು ಮೂರೂವರೆ ಕೆಜಿ, ಬಿಳಿಯದು ಮೂರು. ಅವಳಿ ಮರಿಗಳಿಗೆ ಈ ತೂಕ ಅಡ್ಡಿಯಿಲ್ಲ. ಹಸನಬೀ ಚಾಚಿ ಬಂದು ಬಿಳಿಯದರ ಕೊರಳಿಗೆ ಕೆಂಪು ದಾರ ಕಟ್ಟಿ ಹೋದಳು. ಆಡು ಅವಳದು, ಪಾಲಿಗೆ ಸಾಕುವವಳು ನಾನು. ಎರಡು ಮರಿಯಾದರೆ ಅವಳಿಗೊಂದು, ನನಗೊಂದು.
"ದೊಡ್ಡದು ನಿನಗ ಇರ್ಲಿ ದುರ್ಗಾ, ದುಡಿಯಾಕಿ ನೀನು" ಅಂದಳು.

ಫೆಬ್ರವರಿ 3
ಆರು ಮನೆಯ ಆಡುಗಳಿಗೆ ಜಂತಿನ ಔಷಧಿ ಕುಡಿಸಿದೆ. ಊರಿನ ಪಶು ಸಖಿ ಅಂದರೆ ಇದೇ ಕೆಲಸ. ಪಶು ಇಲಾಖೆಯ ಮೇಡಂ ಫೋನ್ — ಏಪ್ರಿಲ್‌ನಲ್ಲಿ ಕೊಪ್ಪಳದಲ್ಲಿ ತರಬೇತಿ. ಯಾರ ಮರಿ ಚೆನ್ನಾಗಿ ಬೆಳೆದಿರುತ್ತದೋ ಅವರೇ ಸ್ಟೇಜ್ ಮೇಲೆ ಮಾತಾಡಬೇಕಂತೆ. ನಾನೇ ಆಗಬೇಕು.
ಆಡಿಗೆ ಹಾಲು ಕಡಿಮೆ. ಸಂಜೆ ಬಿಳಿಯದನ್ನು ಬುಟ್ಟಿಯ ಕೆಳಗೆ ಮುಚ್ಚಿ ಕರಿಯದನ್ನು ಮೊದಲು ಬಿಟ್ಟೆ. ಅದರ ಹೊಟ್ಟೆ ತುಂಬಿದ ಮೇಲೆ ಬುಟ್ಟಿ ತೆಗೆದೆ. ಒಂದು ದಿನಕ್ಕೆ ಏನಾಗುತ್ತದೆ...

ಫೆಬ್ರವರಿ 27
ಒಂದು ದಿನವಲ್ಲ. ದಿನಾಲೂ. ಕರಿಯದು ಎಂಟು ಕೆಜಿ. ಬಿಳಿಯದನ್ನು ತೂಗಲಿಲ್ಲ. ಈಗ ಬುಟ್ಟಿಯೂ ಬೇಕಿಲ್ಲ. ತಾನೇ ಗೋಡೆಗೆ ಒತ್ತಿ ನಿಲ್ಲುತ್ತದೆ, ಅಣ್ಣನದು ಮುಗಿಯಲಿ ಅಂತ. ದೊಡ್ಡ ಪಶು ಸಖಿ ನಾನು!

ಏಪ್ರಿಲ್ 16, ಸಂಜೆ
ಕೊಪ್ಪಳದಿಂದ ಈಗ ಬಂದೆ. ಕರಿಯದು ಹದಿನಾಲ್ಕು ಕೆಜಿ. ಮೈಕ್ ಹಿಡಿದು ಹೇಳಿದೆ — ಹೊತ್ತಿಗೆ ಸರಿಯಾಗಿ ಔಷಧಿ, ನುಗ್ಗೆ ಸೊಪ್ಪು, ಒಣ ನೆಲ. ಎಲ್ಲವೂ ನಿಜ. ಬುಟ್ಟಿಯದೊಂದನ್ನು ಹೇಳಲಿಲ್ಲ. ಹಿಟ್ನಾಳದ ಮುನ್ನಿ ಎದ್ದು ಕೇಳಿದಳು, "ಅಕ್ಕಾರ, ಜೋಡಿ ಮರಿ ಇದ್ರ ಇನ್ನೊಂದೂ ಹಿಂಗ ಬೆಳಿತೈತೇನ್ರಿ?"
"ಬೆಳಿತೈತಿ" ಅಂದೆ. ಚಪ್ಪಾಳೆ ಹೊಡೆದರು. ಥೂ, ನನ್ನ ಬಾಯಿಗಿಷ್ಟು ಮಣ್ಣು ಬೀಳ.

ಏಪ್ರಿಲ್ 18
ಚಾಚಿ ತನ್ನ ಮರಿ ಒಯ್ದಳು. ಎಂಟು ಕೆಜಿಯೂ ಇಲ್ಲ. ಬೈಯುತ್ತಾಳೆ ಎಂದು ಕಾಯ್ದೆ. ಅವಳು ಮರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ಕಡೆಯಿಂದ ಹೊರಟಳು.
"ಹಿಂಗ್ಯಾಕ ಚಾಚಿ?"
"ನಿನ್ನ ಕೈಯಾಗ ಬೆಳದಿದ್ದು ಇಷ್ಟ ಐತಿ ಅಂತ ಮಂದಿ ನೋಡಬಾರ್ದವಾ. ನಿನ್ನ ಹೆಸರು ಕೆಡ್ತೈತಿ. ಮರೀದ ನಸೀಬ ಹಂಗೈತಿ, ನೀ ಏನ ಮಾಡ್ತಿ?"
ಹಿತ್ತಲ ಬಾಗಿಲು ನಾನೇ ತೆಗೆದುಕೊಟ್ಟೆ.

ಮೇ 6
ಹದಿನೆಂಟು ದಿನ ಆ ಓಣಿ ತಪ್ಪಿಸಿದೆ. ಇವತ್ತು ಲಸಿಕೆ, ಹೋಗಲೇಬೇಕಾಯಿತು. ಚಾಚಿ ಅಂಗಳದಲ್ಲಿ ಬೋಗುಣಿ ತುಂಬ ಕಡಲೆ ಹೊಟ್ಟು ನೆನೆಸಿ ಇಟ್ಟಿದ್ದಳು. ಅವಳ ಮನೆಯಲ್ಲಿ ಇರುವುದು ಅದೊಂದೇ ಮರಿ. ಆದರೂ ಗೋಡೆಗೆ ಒತ್ತಿ ನಿಂತಿತ್ತು. ಇಲ್ಲದ ಅಣ್ಣ ತಿಂದು ಮುಗಿಸಲಿ ಎಂದು.
"ಭಾಳ ಶಾಣ್ಯಾ ಮರಿ" ಚಾಚಿ ನಕ್ಕಳು. "ನಾ ಬಾ ಅಂತ ಕರಿಯೂತನ ಬಾಯಿ ಹಾಕಂಗಿಲ್ಲ. ಛಲೋ ಕಲಿಸೀದಿ ನೋಡ ದುರ್ಗಾ."
ನಾಚಿಕೆಯಿಂದ ಸತ್ತಂತಾಯಿತು. ಮನೆಗೆ ಬಂದು ಕರಿಯದರ ಕೊರಳಿಗೆ ಕೆಂಪು ದಾರ ಕಟ್ಟಿದ್ದೇನೆ. ಹೊಡೆದುಕೊಂಡು ಹೋಗಿ ಚಾಚಿಗೆ ಕೊಟ್ಟರೆ ಸಾಲದು. ಬುಟ್ಟಿಯದನ್ನೂ ಹೇಳಬೇಕು. ಹೇಗೆ ಶುರು ಮಾಡಲಿ... ಚಾಚಿ, ಅದು ಮರೀದ ನಸೀಬಲ್ಲ. ಅದು ನಾನ—