ಮುತ್ತಜ್ಜಿಯ ಹಾಜರಿ

ಮಾರ್ಚ್ 3, ಬೆಳಿಗ್ಗೆ

ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸಿದ್ದಾಯಿತು. ಬಚ್ಚಲಿಗೆ ಎಮ್ಮೆ ಹೊಕ್ಕಿತೇನೋ ಅಂದುಕೊಂಡಳಂತೆ ಇವಳು. ಕಲಾವಿದನನ್ನು ಕಟ್ಟಿಕೊಂಡವಳಿಗೆ ದೇವರು ಕಿವಿ ಕೊಡಲಿಲ್ಲ.

ಅಣ್ಣನ ಮಗಳು ಸಂಗೀತದ ಟೀಚರ್. ಹಳೇ ಕಾಡಿನ ನಡುವೆ ರಸ್ತೆ ಬರುತ್ತದೆಂದು ಗೊತ್ತಾದಾಗಿನಿಂದ ಊರನ್ನೇ ಸೇರಿಸಿ ಹಾಡಿಸುತ್ತಿದ್ದಾಳೆ — ಟೈಲರ್, ನರ್ಸ್, ಬಸ್ ಕಂಡಕ್ಟರ್, ಎಲ್ಲರನ್ನೂ. ಹದಿನೈದಕ್ಕೆ ರಸ್ತೆ ಆಫೀಸಿನವರು ಬಂದು ಕೇಳುತ್ತಾರೆ. ಕಾಡು ಉಳಿಯುವುದೋ ಹೋಗುವುದೋ, ಆಮೇಲೆ ಅವರ ಕೈಯಲ್ಲಿ.

ಹಾಡಿನ ಕೊನೆಗೆ ಮರಗಳ ಹಾಜರಿ. ಬೋಳಜ್ಜ, ಗೂನಕ್ಕ, ಕುಳ್ಳಿ, ಮುತ್ತಜ್ಜಿ — ಹೆಸರಿಟ್ಟವನು ನಾನೇ. ಅವಳು ಒಂದೊಂದೇ ಹೆಸರು ಕರೆಯುವುದು; ಕಾಡಿನೊಳಗೆ ಅಡಗಿ ಕೂತ ನಾನು ಮರಕ್ಕೊಂದು ದನಿಯಲ್ಲಿ 'ಓ' ಎನ್ನುವುದು. ಸ್ಕೂಲಲ್ಲಿ ಚಕ್ಕರ್ ಹೊಡೆದವರಿಗೆಲ್ಲ ನಾನೇ ಹಾಜರಿ ಹೇಳುತ್ತಿದ್ದೆ. ಮೇಷ್ಟ್ರಿಗೆ ಒಂದು ದಿನವೂ ಗೊತ್ತಾಗಲಿಲ್ಲ. ಇನ್ನು ಆಫೀಸಿನವರು ಯಾವ ಲೆಕ್ಕ.

ಮಾರ್ಚ್ 9

ರಿಹರ್ಸಲ್. ಮುತ್ತಜ್ಜಿಯ ಬುಡದಲ್ಲಿ ಕೂತಿದ್ದೆ. ತಂಪು... ಕಣ್ಣು ಹತ್ತಿತು. ಎಚ್ಚರಾದಾಗ ಹಾಡು ಮುಗಿದಿತ್ತು. ಬೈಸಿಕೊಳ್ಳಲು ತಯಾರಾಗಿ ಹೊರಗೆ ಬಂದರೆ ಚಪ್ಪಾಳೆ. ಟೈಲರ್ ಕಣ್ಣೊರೆಸಿಕೊಳ್ಳುತ್ತಿದ್ದ.

"ಹೀಗೇ ಇರ್ಲಿ ಚಿಕ್ಕಪ್ಪ. ಮುತ್ತಜ್ಜಿ ಒಬ್ಬಳನ್ನ ಮರೆತ್ರಿ, ಅಷ್ಟೇ," ಎಂದಳು ಅಣ್ಣನ ಮಗಳು.

ಎಲ್ಲ ಸಾಧನೆಯ ಫಲ ಎಂದುಬಿಟ್ಟೆ. ಹೊಗಳಿಕೆ ಎದುರು ಬಂದರೆ ಬೇಡ ಎಂದು ಅಭ್ಯಾಸವಿಲ್ಲ.

ನಿದ್ದೆಯಲ್ಲೇ ಕೂಗಿರಬೇಕು. ಆದರೆ ಕಂಡಕ್ಟರ್ ಹೇಳುತ್ತಾನೆ, ಒಂದು ಸಲ ಎರಡು ದನಿ ಒಟ್ಟಿಗೇ ಬಂದವಂತೆ. ನನಗಿರುವುದು ಒಂದೇ ಗಂಟಲು.

ಮಾರ್ಚ್ 15, ಸಂಜೆ

ಬೇಕೆಂದೇ ಬಾಯಿ ಬಿಗಿದು ಕೂತೆ.

ಬೋಳಜ್ಜಾ ಎಂದಳು. ಓ ಎಂದಿತು — ನನ್ನ ಎಡಕ್ಕೆ, ಮಣ್ಣಿನೊಳಗಿಂದ ಬಂದ ಹಾಗೆ. ಗೂನಕ್ಕ, ಓ. ಕುಳ್ಳಿ, ಓ. ಒಂದೆಲೆ ಅಲುಗಲಿಲ್ಲ. ನನ್ನ ಬನಿಯನ್ ಒದ್ದೆ.

ಮುತ್ತಜ್ಜೀ ಎಂದಳು. ಏನೂ ಇಲ್ಲ. ಮತ್ತೆ ಕರೆದಳು. ಆಫೀಸಿನ ದೊಡ್ಡವರು ಕುರ್ಚಿ ಸರಿಸಿದ ಸದ್ದು. ಕಾಡು ಕೈಬಿಟ್ಟಿತು ಎನಿಸಿತು. ಗಾಬರಿಯಲ್ಲಿ ನಾನೇ ಓ ಎಂದುಬಿಟ್ಟೆ.

ಸುತ್ತಲಿದ್ದದ್ದೆಲ್ಲ ನನ್ನ ಕಡೆ ತಿರುಗಿತು. ಕಣ್ಣಿಲ್ಲದವು ಹೇಗೆ ತಿರುಗುತ್ತವೋ ಗೊತ್ತಿಲ್ಲ. ತಿರುಗಿದವು.

ಮಾರ್ಚ್ 24

ಗೆದ್ದೆವು. ರಸ್ತೆ ಬೇರೆ ಕಡೆಯಿಂದ ಹೋಗುತ್ತದೆ. ಅಣ್ಣನ ಮಗಳು ಕಾಲಿಗೆ ಬಿದ್ದಳು. ಎಬ್ಬಿಸಲು ಕೈ ಬರಲಿಲ್ಲ.

ಮುತ್ತಜ್ಜಿಯನ್ನು ಮಾತ್ರ ಕಡಿಯುತ್ತಾರೆ. ಒಳಗೆಲ್ಲ ಟೊಳ್ಳಂತೆ. ಸತ್ತು ಎಷ್ಟೋ ಕಾಲವಾಯಿತಂತೆ, ಯಾರ ಮೇಲಾದರೂ ಬಿದ್ದೀತು ಎಂದರು.

ಸತ್ತವಳಿಗೆ ಹಾಜರಿ ಹೇಳಿಬಂದಿದ್ದೇನೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಹಿತ್ತಲಿಂದ ಯಾರೋ ಕರೆದರು, ಮುತ್ತಜ್ಜೀ ಎಂದು. ತುತ್ತು ಬಾಯಲ್ಲಿದ್ದಂತೆಯೇ ಓ ಎಂದೆ.

"ಯಾರಿಗ್ರೀ ಓ ಅಂದ್ರಿ? ಯಾರೂ ಕರೀಲಿಲ್ವಲ್ಲ," ಎಂದಳು ಇವಳು.

ಏಪ್ರಿಲ್ 2, ಬೆಳಿಗ್ಗೆ

ಇವತ್ತು ಗರಗಸ. ನಿನ್ನೆ ಅಣ್ಣನ ಮಗಳಿಗೆ ಎಲ್ಲ ಹೇಳಿದೆ, ಜಂಬ ಬಿಟ್ಟು. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. ಕಡಿಯುವ ಮುಂಚೆ ಎಲ್ಲರೂ ಸೇರಿ ಒಂದು ಸಲ ಹೆಸರು ಕರೆದು ಕಳಿಸಿಕೊಡುತ್ತಾರಂತೆ. ಬೇಡವೆಂದರೆ ಊರು ಕೇಳುವುದಿಲ್ಲವಂತೆ.

"ನೀವು ಬರ್ಬೇಡಿ. ಬಾಗಿಲು ಹಾಕ್ಕೊಂಡು ಮನೇಲೇ ಇರಿ. ಏನೇ ಕೇಳಿಸ್ಲಿ ಚಿಕ್ಕಪ್ಪ, ಓ ಅನ್ಬೇಡಿ."

ಬಾಗಿಲು ಹಾಕಿದೆ. ಬಾಯಿಗೆ ಟವೆಲ್ ಕಟ್ಟಿಕೊಂಡಿದ್ದೇನೆ. ಇವಳು ಕಂಡರೆ ವಾರವಿಡೀ ನಗುತ್ತಾಳೆ. ನಗಲಿ. ಈಗಲೇ ಬಂದು ನಗಬಾರದೇ...

ಹಾಡು ಕೇಳಿಸುತ್ತಿದೆ. ಟೈಲರ್ ಶ್ರುತಿ ಬಿಟ್ಟ.

ನಿಲ್ಲಿಸಿದರು. ಈಗ ಕರೆಯುತ್ತಾರೆ —

ಟವೆಲ್ಲಿನ ಗಂಟು ಯಾಕೋ ಸಡಿಲ