ವಾರ್ಡಿನಲ್ಲಿ ನೀನು ನಕ್ಕದ್ದು

ಗ್ಲಾಸ್ಗೋ
ಬುಧವಾರ, ಮಾರ್ಚ್ ೯

ಡುಗಲ್ಡ್,

ಮೊದಲು ‘ಪ್ರೀತಿಯ’ ಎಂದು ಬರೆದು ಆಮೇಲೆ ಹೊಡೆದುಹಾಕಿದ್ದೇನೆ. ಆ ಗೀಟು ನಿನಗೆ ಕಾಣಲಿ ಎಂದೇ ಹೊಸ ಹಾಳೆ ತೆಗೆದುಕೊಳ್ಳಲಿಲ್ಲ.

ನಿನ್ನೆ ಡಾಕ್ಟರ್ ಬಂದು, ಮಾತ್ರೆ ನಾಟುತ್ತಿಲ್ಲ, ನನ್ನ ರಕ್ತದಲ್ಲಿ ವೈರಸ್ ಮತ್ತೆ ಏರುತ್ತಿದೆ ಎಂದಾಗ ನೀನು ನಕ್ಕೆ. ಇಲ್ಲ ಅನ್ನಬೇಡ. ಮದುವೆಯಾದಾಗಿನಿಂದ ನೋಡುತ್ತಿರುವ ಮುಖ ಅದು. ವೈರಸ್‌ನ ಒಂದು ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ ಎಂದು ಅವರು ಹೇಳಿದ್ದೇ ತಡ, ನೀನು ಕುರ್ಚಿಯಿಂದ ಎದ್ದು ನಿಂತೆ. ಯಾವ ಜೀನ್, ಎಷ್ಟನೆಯ ಅಕ್ಷರ, ಯಾವಾಗ ಗೊತ್ತಾಯಿತು ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ನನ್ನ ಕೈಗೆ ಸೂಜಿ ಸರಿಮಾಡುತ್ತಿದ್ದ ನರ್ಸ್ ಬರ್ನಿ, “ಏನ್ ಪ್ರೊಫೆಸರ್ರೇ, ಲಾಟರಿ ಹೊಡೀತಾ?” ಎಂದು ಕೇಳಿದಳು. ಅದಕ್ಕೂ ನೀನು ನಕ್ಕೆ. ಅವಳು ನಗಲಿಲ್ಲ ಎಂಬುದನ್ನು ನೋಡಲೂ ನಿನಗೆ ಪುರುಸೊತ್ತಿರಲಿಲ್ಲ.

ನನಗೇನೂ ಗೊತ್ತಾಗುವುದಿಲ್ಲ ಎಂದುಕೊಂಡೆಯಾ? ನಿನ್ನ ಪಾಠ ನನಗೆ ಕಂಠಪಾಠ. ಮದುವೆಗೆ ಮುಂಚೆ ಒಂದು ಸಂಜೆ ಮಾಂಸದಂಗಡಿಯ ಕಿಟಕಿಯ ಮುಂದೆ ನನ್ನನ್ನು ನಿಲ್ಲಿಸಿ, ತೂಗುಹಾಕಿದ್ದ ಸಾಸೇಜ್ ಸರ ತೋರಿಸಿ ಹೇಳಿಕೊಟ್ಟಿದ್ದೆ. ಹರ್ಪಿಸ್ ಕುಲದ ವೈರಸ್ ಜೀವಕೋಶದ ನಡುವಿನ ಕೇಂದ್ರಕ್ಕೆ ನುಗ್ಗಿ ತನ್ನ ಡಿಎನ್‌ಎಯನ್ನು ನಕಲು ಮಾಡುತ್ತದೆ. ಒಂದೊಂದಾಗಿ ಅಲ್ಲ, ಆ ಸಾಸೇಜ್ ಸರದ ಹಾಗೆ ಪ್ರತಿಗೆ ಪ್ರತಿ ಅಂಟಿಕೊಂಡ ಉದ್ದನೆಯ ದಾರವಾಗಿ. ಪಕ್ಕದಲ್ಲೇ ಖಾಲಿ ಚಿಪ್ಪುಗಳು ತಯಾರಾಗುತ್ತಿರುತ್ತವೆ. ಒಂದು ಚಿಪ್ಪಿಗೆ ಒಂದೇ ಬಾಗಿಲು. ಬಾಗಿಲಲ್ಲಿ ಕೂತ ಪುಟ್ಟ ಯಂತ್ರ ದಾರವನ್ನು ಒಳಗೆ ತುರುಕುತ್ತದೆ, ಪೂರ್ತಿ ಒಂದು ಪ್ರತಿ ಒಳಹೋದ ಮೇಲೆ ಕತ್ತರಿಸುತ್ತದೆ. ನನ್ನ ಮಾತ್ರೆ ಆ ಯಂತ್ರವನ್ನು ಹಿಡಿದು ನಿಲ್ಲಿಸಬೇಕಿತ್ತು. ದಾರ ದಾರವಾಗಿಯೇ, ಚಿಪ್ಪು ಖಾಲಿಯಾಗಿಯೇ ಉಳಿಯಬೇಕಿತ್ತು. ಈಗ ನನ್ನೊಳಗಿನ ವೈರಸ್ ಯಂತ್ರವನ್ನೇ ಒಂಚೂರು ತಿದ್ದಿಕೊಂಡು ಮಾತ್ರೆಯ ಹಿಡಿತ ತಪ್ಪಿಸಿಕೊಂಡಿದೆ. ಇಷ್ಟು ನನಗೂ ಗೊತ್ತು. ಸಂತೋಷಪಡುವಂಥದ್ದು ಅದರಲ್ಲಿ ಏನಿದೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಮೂಳೆಯ ಮಜ್ಜೆ ಬದಲಾಯಿಸಿ ಈ ಕೋಣೆಯಲ್ಲಿ ಮಲಗಿಸಿದ ಮೇಲೆ ನೀನು ದಿನವೂ ಬಂದಿದ್ದೀಯ, ಅದನ್ನು ಇಲ್ಲವೆನ್ನುವುದಿಲ್ಲ. ಬಂದವನು ಮೊದಲು ನೋಡುವುದು ಹಾಸಿಗೆಯ ಕಾಲಬಳಿ ನೇತುಹಾಕಿದ ಚಾರ್ಟನ್ನು. ಆಮೇಲೆ ನನ್ನನ್ನು. ನಿನ್ನೆ ಹೊರಡುವಾಗ ಬಾಗಿಲ ಹಿಡಿ ಹಿಡಿದುಕೊಂಡೇ, “ಒಂದು ಟ್ಯೂಬ್ ರಕ್ತ ಸಾಕು, ಇಶ್ಬೆಲ್. ಲ್ಯಾಬಲ್ಲಿ ಇಂಥದ್ದನ್ನ ನಾವೇ ಮಾಡಿದೀವಿ, ಆದ್ರೆ ಮನುಷ್ಯರಲ್ಲಿ ನೋಡಿರ್ಲಿಲ್ಲ” ಎಂದೆ. ಆ ಮನುಷ್ಯರು ನಾನು, ಡುಗಲ್ಡ್.

ಇವತ್ತು ಬೆಳಿಗ್ಗೆ ರೋನಾ ಬಂದಿದ್ದಳು. ಹೌದು, ಅದೇ ರೋನಾ. ಆ ಯಂತ್ರದ ವಿಷಯದಲ್ಲಿ ನಿನ್ನ ಲೆಕ್ಕಾಚಾರ ತಪ್ಪು ಎಂದು ಬರೆದು ಎಡಿನ್‌ಬರೋಗೆ ಹೊರಟುಹೋದ ನಿನ್ನ ಶಿಷ್ಯೆ, ಹೆಸರೆತ್ತಿದರೆ ನೀನು ತಟ್ಟೆ ಬಿಟ್ಟು ಏಳುವ ಶಿಷ್ಯೆ. ಫ್ಲಾಸ್ಕಿನಲ್ಲಿ ಬೇಳೆ ಸೂಪು ತಂದಿದ್ದಳು. ಹೊರಗಿನ ಅಡುಗೆ ಒಳಗೆ ಬಿಡುವ ಹಾಗಿಲ್ಲ ಎಂದು ಬರ್ನಿ ಬಾಗಿಲಲ್ಲೇ ಕಿತ್ತುಕೊಂಡು, ಆಮೇಲೆ ತಾನೇ ಕುಡಿದಳಂತೆ, ಉಪ್ಪು ಕಡಿಮೆ ಎಂದು ದೂರಿದಳು ಬೇರೆ. ರೋನಾ ಕೈ ತೊಳೆದು, ಮಾಸ್ಕ್ ಹಾಕಿಕೊಂಡು ಪಕ್ಕದಲ್ಲಿ ಕೂತು, “ರಾತ್ರಿ ನಿದ್ದೆ ಬರತ್ತಾ ಇಶ್ಬೆಲ್? ಬಾಯಿ ಹುಣ್ಣು ಹೇಗಿದೆ? ಏನಾದ್ರೂ ನುಂಗಕ್ಕಾಗತ್ತಾ?” ಎಂದು ಕೇಳಿದಳು. ನಾನು ಅತ್ತುಬಿಟ್ಟೆ. ಅಷ್ಟು ಸಣ್ಣ ಮಾತಿಗೆ ಅಳುವ ಸ್ಥಿತಿಗೆ ನನ್ನನ್ನು ತಂದವನು ನೀನು. ಇದಕ್ಕೆ ನಿನ್ನನ್ನು ಸುಲಭಕ್ಕೆ ಕ್ಷಮಿಸಲಾರೆ.

ವೈರಸ್‌ನ ಮಾತನ್ನು ಕೊನೆಗೆ ನಾನೇ ಎತ್ತಬೇಕಾಯಿತು. ರಕ್ತ ಅವಳಿಗೇ ಕೊಡುತ್ತೇನೆ ಎಂದೆ. ಅವಳ ಕಣ್ಣು ಅರಳಿತು, ಅವಳೂ ನಿಮ್ಮ ಜಾತಿಯವಳೇ ತಾನೆ. ಆದರೆ ತಕ್ಷಣ ತಲೆಯಾಡಿಸಿ, “ಬೇಡ. ಅದು ಅವರ ಜೀವಮಾನದ ಕೆಲಸ. ಅವರಿಗೇ ಕೊಡಿ” ಎಂದಳು. ನಾನು ಹಟ ಹಿಡಿದೆ. ನಿನ್ನ ಕಿವಿಗೆ ಬೇರೆಯವರಿಂದ ಬೀಳಬಾರದು, ನಾನೇ ತಿಳಿಸಬೇಕು ಎಂಬ ಮಾತಿನ ಮೇಲೆ ಒಪ್ಪಿದಳು. ಅದಕ್ಕೇ ಈ ಪತ್ರ. ಮಧ್ಯಾಹ್ನವೇ ರಕ್ತ ಎಡಿನ್‌ಬರೋಗೆ ಹೋಯಿತು. ಆ ಬದಲಾದ ಅಕ್ಷರದ ಬಗ್ಗೆ ಇನ್ನು ಅವಳು ಬರೆಯುತ್ತಾಳೆ, ನೀನು ಓದಿಕೋ.

ನಾಳೆ ಬರಬೇಡ.

ಇನ್ನೂ ನಿನ್ನ ಹೆಂಡತಿಯೇ ಆಗಿರುವ
ಇಶ್ಬೆಲ್

ತಾ.ಕ.: ನಿನ್ನೆ ಡಾಕ್ಟರ್ ಇನ್ನೊಂದು ಮಾತನ್ನೂ ಹೇಳಿದರು. ಆಗ ನೀನು ಕಿಟಕಿಯ ಹತ್ತಿರ ನಿಂತು ಲ್ಯಾಬಿನವರ ಜೊತೆ ಫೋನಿನಲ್ಲಿದ್ದೆ. ಈಗ ಉಳಿದಿರುವ ಔಷಧಿ ಮೂತ್ರಪಿಂಡಕ್ಕೆ ಹೊಡೆಯುತ್ತದಂತೆ, ನನ್ನವು ಮೊದಲೇ ಸೋತಿವೆ. ಕೊಟ್ಟರೂ ಅಪಾಯ, ಬಿಟ್ಟರೂ ಅಪಾಯ. ಶುಕ್ರವಾರದೊಳಗೆ ಹೂಂ ಅಥವಾ ಉಹೂಂ ಅನ್ನಬೇಕು. ನನಗೆ ತುಂಬಾ ಹೆದರಿಕೆಯಾಗುತ್ತಿದೆ. ರೋನಾಗೆ ಇದನ್ನು ಹೇಳಲಿಲ್ಲ. ನಿನಗೆ ಮಾತ್ರ ಹೇಳುತ್ತಿದ್ದೇನೆ.