ಅಮ್ಮನ ಕಾರಿಗೆ ಹಳೆಯ ಸೈಲೆನ್ಸರ್

ಟೂವೂಂಬಾ, ಮಂಗಳವಾರ

ಡರೆಲ್ ಮಾವ,

ಸಾರಿ, ಬೇಜಾರು ಮಾಡಿಕೊಳ್ಳಬೇಡಿ. ಅಮ್ಮನ ಕಾರಿಗೆ ನೀವು ಆಸೆಪಟ್ಟು ಹಾಕಿಕೊಟ್ಟ ಎಕ್ಸಾಸ್ಟ್ ಪೈಪ್ ತೆಗೆದುಬಿಡಿ. ಅಷ್ಟು ಚಿಕ್ಕ ಎಂಜಿನ್ನಿಗೆ ಅದು ತೀರಾ ಅಗಲವಂತೆ. ಕಾರು ಗುಡುಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ.

ಭಾನುವಾರ ಅಮ್ಮ ಮನೆ ಬಿಟ್ಟು ನನ್ನ ಹಾಸ್ಟೆಲ್ಲಿಗೆ ಹೊರಟಿದ್ದಳು. ಅವಳ ಗಂಡ ಕ್ಲಿಂಟ್ ಹಿತ್ತಿಲಲ್ಲಿ ಹುಲ್ಲು ಕತ್ತರಿಸುತ್ತಿದ್ದ. ಮಷೀನಿನ ಸದ್ದಿನಲ್ಲೂ ಅವನಿಗೆ ಕಾರು ಕೇಳಿಸಿತು. ಗೇಟಿನ ಏರಿನಲ್ಲಿ ತೆವಳುತ್ತಿದ್ದ ಕಾರಿಗೆ ಅಡ್ಡ ಬಂದ.

"ಊರಿಗೆಲ್ಲ ಡಂಗುರ ಹೊಡ್ಕೊಂಡು ಎಲ್ಲಿಗೆ ಸವಾರಿ, ಮಹಾರಾಣಿ?" ಅಂದವನೇ ಕೈಯಲ್ಲಿದ್ದ ಮಷೀನಿನ ಸ್ಪ್ಯಾನರಿನಿಂದ ಮೊದಲು ಬದಿಯ ಗಾಜು ಒಡೆದ, ಆಮೇಲೆ ಅವಳ ದವಡೆ.

ಶನಿವಾರ ಅವನು ಫುಟ್‌ಬಾಲ್ ನೋಡಲು ಹೋದಾಗ ಹಳೆಯ ಸೈಲೆನ್ಸರ್ ಹಾಕಿ. ನಿಮ್ಮ ಕೋವಿ ಮನೆಯಲ್ಲೇ ಇರಲಿ, ಪ್ಲೀಸ್. ದವಡೆ ಕೂಡಲೆಂದು ಡಾಕ್ಟರು ಅಮ್ಮನ ಬಾಯಿಗೆ ತಂತಿ ಕಟ್ಟಿದ್ದಾರೆ, ಏನೂ ಕೇಳಬೇಡಿ. ಟ್ಯಾಂಕ್ ತುಂಬಿಸಿ, ಕೀ ಅವಳ ಕೈಗೆ ಕೊಡಿ.

ನಿಮ್ಮ ತಂಗಿಯ ಮಗಳು,
ಬ್ರಾನ್ವಿನ್